ಬಸಿದ ನೀರು ಚೆಲ್ಲುವ ಮುಂಚೆ: ನಮ್ಮ ಅಡುಗೆಮನೆಯ ಪೊಟ್ಯಾಸಿಯಂ ಲೆಕ್ಕ

ನಮ್ಮ ಮಾವನವರು ಕಾಫಿ ಗಿಡದ ಎಲೆ ನೋಡಿಯೇ ಗಿಡಕ್ಕೆ ಏನು ಕಮ್ಮಿ ಆಗಿದೆ ಅಂತ ಹೇಳಿಬಿಡುತ್ತಾರೆ. ಹಳೆ ಎಲೆಯ ಅಂಚು ಬೆಂಕಿ ತಾಗಿದ ಹಾಗೆ ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ, "ಪೊಟ್ಯಾಷ್ ಸಾಲ್ತಿಲ್ಲ ಕಣಮ್ಮ" ಅಂತಾರೆ. ಅದೇ ಪೊಟ್ಯಾಷ್ ಒಳಗಿನ ಪೊಟ್ಯಾಸಿಯಂ ನಮ್ಮ ಮೈಗೂ ಬೇಕು ಮಾವ ಅಂದರೆ ಮಾತ್ರ ನಗುತ್ತಾರೆ. ತೋಟಕ್ಕೆ ಎಷ್ಟು ಮೂಟೆ ಅಂತ ಲೆಕ್ಕ ಇದೆ, ತಟ್ಟೆಗೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ.

ನನ್ನ ತವರು ಅರಸೀಕೆರೆ ಕಡೆ, ತೆಂಗು ರಾಗಿ ಸೀಮೆ. ಮದುವೆಯಾಗಿ ಬಂದಿದ್ದು ಚಿಕ್ಕಮಗಳೂರು ಕಡೆಯ ಕಾಫಿ ತೋಟಕ್ಕೆ. ಎರಡೂ ಕಡೆ ಅಡುಗೆಮನೆಯಲ್ಲಿ ಪೊಟ್ಯಾಸಿಯಂಗೆ ಬರಗಾಲ ಅಂತ ಇಲ್ಲವೇ ಇಲ್ಲ. ಆದರೆ ಯಾರಿಗೆ ಬೇಕು, ಯಾರಿಗೆ ಬೇಡ, ಅಡುಗೆ ಮಾಡುವಾಗ ಅದು ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದು ದೊಡ್ಡಪ್ಪ ಆಸ್ಪತ್ರೆ ಸೇರಿದ ಮೇಲೆ.

ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಹದಿನೈದು ವರ್ಷದ ಮೇಲಾಯಿತು, ಬಿಪಿ ಮಾತ್ರೆಯೂ ಇದೆ. ಕಳೆದ ಬೇಸಿಗೆಯಲ್ಲಿ ಯಾರೋ "ಎಳನೀರು ಬಿಪಿಗೆ ಒಳ್ಳೇದು" ಅಂದರಂತೆ. ತೋಟ ಮನೆ ಹಿಂದೆಯೇ ಇದೆ, ಬೆಳಿಗ್ಗೆ ಒಂದು ಸಾಯಂಕಾಲ ಒಂದು ಇಳಿಸಿ ಕುಡಿಯೋಕೆ ಶುರು ಮಾಡಿದರು. ಸಾಲದು ಅಂತ ಅಂಗಡಿಯಿಂದ ಲೋ ಸೋಡಿಯಂ ಉಪ್ಪಿನ (ಸೋಡಿಯಂ ಕಮ್ಮಿ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪು) ಪ್ಯಾಕೆಟ್ಟೂ ಬಂತು. ಮೂರು ವಾರಕ್ಕೆ ಕುರ್ಚಿಯಿಂದ ಏಳೋಕೇ ಕಾಲಲ್ಲಿ ಶಕ್ತಿ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಸಿಯಂ 6.2, ಇರಬೇಕಾದ್ದು 5ರ ಒಳಗೆ. ಡಾಕ್ಟರು ಕೇಳಿದರು, "ದಿನಾ ಏನೇನು ತಗೋತೀರಿ ಯಜಮಾನ್ರೇ?"

"ಏನಿಲ್ಲ ಸಾರ್, ಮುದ್ದೆ, ಸಾರು."

ಹಿಂದಿನಿಂದ ದೊಡ್ಡಮ್ಮ, "ಎಳನೀರಿಂದೂ ಹೇಳ್ರೀ" ಅಂದರು.

"ಅದು ನೀರಲ್ವೇನೇ?"

ಹೀಗೆ ಕೂತಿದೆ ನಮ್ಮ ತಲೆಯಲ್ಲಿ. ಅದಕ್ಕೇ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ನೀವು ಯಾವ ಕಡೆಯವರು ಅಂತ ಮೊದಲು ನೋಡಿಕೊಳ್ಳಿ

ಪೊಟ್ಯಾಸಿಯಂ ಊಟದ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಪಟ್ಟಿ ನೋಡುವ ಮುಂಚೆ ಮನೆಯಲ್ಲಿರುವ ಹಳೇ ರಿಪೋರ್ಟ್ ತೆಗೆಯಿರಿ. ಅದರಲ್ಲಿ ಎರಡು ಸಾಲು ಹುಡುಕಿ: ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಲೆಕ್ಕ) ಮತ್ತು ಸೀರಂ ಪೊಟ್ಯಾಸಿಯಂ, ಅಂದರೆ ರಕ್ತದಲ್ಲಿರುವ ಪೊಟ್ಯಾಸಿಯಂ. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5.0ರ ನಡುವೆ ಇರಬೇಕು. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೆ ಈಚೆ ಇರುತ್ತದೆ, ಪಕ್ಕದಲ್ಲೇ ಅವರ ಮಿತಿ ಬರೆದಿರುತ್ತಾರೆ.

ಕಿಡ್ನಿ ಚೆನ್ನಾಗಿದ್ದರೆ ಊಟದಲ್ಲಿ ಜಾಸ್ತಿ ಆದದ್ದು ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಭಯ ಬೇಡ. ಕಿಡ್ನಿ ಸೋತಿದ್ದರೆ ಅದು ರಕ್ತದಲ್ಲೇ ನಿಂತುಬಿಡುತ್ತದೆ. ನಿಂತಿದ್ದು ಗೊತ್ತಾಗೋದೂ ಕಷ್ಟ, ಎಷ್ಟೋ ಜನಕ್ಕೆ ಯಾವ ಸೂಚನೆಯೂ ಇಲ್ಲದೆ ನೇರವಾಗಿ ಎದೆಬಡಿತವೇ ಏರುಪೇರಾಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಬಹಳ ವರ್ಷದಿಂದ ಇದ್ದವರು ಕ್ರಿಯಾಟಿನಿನ್ ನೋಡಿಸದೆ "ಆರೋಗ್ಯಕ್ಕೆ ಒಳ್ಳೇದು" ಅಂತ ಏನನ್ನೂ ದಿನಾ ಶುರು ಮಾಡಬೇಡಿ.

ಇನ್ನು ಮಾತ್ರೆ ಡಬ್ಬ. ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್, ಸ್ಪೈರನೋಲ್ಯಾಕ್ಟೋನ್, ಇವೆಲ್ಲ ಪೊಟ್ಯಾಸಿಯಂ ಮೈಯಲ್ಲೇ ಉಳಿಯುವ ಹಾಗೆ ಮಾಡುವ ಮಾತ್ರೆಗಳು. ಫ್ಯೂರೋಸೆಮೈಡ್ ಥರದ ನೀರು ಇಳಿಸುವ ಮಾತ್ರೆ ಇದಕ್ಕೆ ಉಲ್ಟಾ, ಇರೋದನ್ನೂ ಹೊರಗೆ ಕಳಿಸುತ್ತದೆ. ಹಾಗಂತ ಮಾತ್ರೆ ನಿಲ್ಲಿಸೋಕೆ ಹೋಗಬೇಡಿ ಮತ್ತೆ! ನಿಮ್ಮದು ಯಾವುದು ಅಂತ ತಿಳಿದಿರಲಿ, ಡಾಕ್ಟರ ಹತ್ತಿರ ಊಟದ ಮಾತು ಎತ್ತುವಾಗ ಅದನ್ನೂ ಹೇಳಿ, ಅಷ್ಟೇ.

ಒಂದು ಮಾತು ನಡುವೆ. ರಕ್ತ ತೆಗೆಯುವಾಗ ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಮುಷ್ಟಿ ಹಿಸುಕಿಸಿದರೆ, ಅಥವಾ ರಕ್ತದ ಕಣ ಒಡೆದು ಹೋಗಿದ್ದರೆ, ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ. ಏನೂ ತೊಂದರೆ ಇಲ್ಲದವರಿಗೆ ಜಾಸ್ತಿ ಬಂದರೆ ಇನ್ನೊಂದು ಸಲ ಮಾಡಿಸುತ್ತಾರೆ. ಹಾಗಂತ ಮನೆಯಲ್ಲಿ ನೀವೇ "ಸುಳ್ಳು ರಿಪೋರ್ಟ್" ಅಂತ ತೀರ್ಮಾನ ಮಾಡಿ ಕೂರಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಹೆಜ್ಜೆ 2: ದಿನಕ್ಕೆ ಎಷ್ಟು

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 3500 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ, ಕನಿಷ್ಠ 3510. ಜೊತೆಗೆ ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ ಅಂತಾರೆ, ಅಂದರೆ ಒಂದು ಟೀ ಚಮಚ. ಇವೆರಡನ್ನೂ ಒಟ್ಟಿಗೆ ನೋಡಬೇಕು. ಪೊಟ್ಯಾಸಿಯಂ ಸಾಕಷ್ಟು ಹೋದರೆ ಉಪ್ಪಿನ ಸೋಡಿಯಂ ಮೂತ್ರದಲ್ಲಿ ಜಾಸ್ತಿ ಹೊರಗೆ ಹೋಗುತ್ತದೆ, ಬಿಪಿ ಇಳಿಯೋದು ಹಾಗೆ.

ಹೆಜ್ಜೆ 3: ನಿನ್ನೆ ಉಂಡಿದ್ದನ್ನು ಲೆಕ್ಕ ಹಾಕಿ

ಹೊಸದಾಗಿ ಏನೂ ತರುವ ಮುಂಚೆ ಒಂದು ಚೀಟಿಯಲ್ಲಿ ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ತಿಂದಿದ್ದನ್ನು ಬರೆಯಿರಿ. ನಾನು ತವರಲ್ಲಿದ್ದ ಒಂದು ದಿನ ಬರೆದಿದ್ದು ಹೀಗಿತ್ತು. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆ, ಅದರಲ್ಲಿ 400 ಮಿಲಿಗ್ರಾಂ ಮೇಲೆ. ಬಸ್ಸಾರು ಮತ್ತು ಪಲ್ಯ, ನನ್ನ ಪಾಲಿಗೆ ಒಂದು ಹಿಡಿ ಅಲಸಂದೆ ಕಾಳು, ನೂರು ಗ್ರಾಂ ದಂಟಿನ ಸೊಪ್ಪು ಅಂತಿಟ್ಟುಕೊಂಡರೆ ಕಾಳಿಂದ 300, ಸೊಪ್ಪಿಂದ 600. ಒಂದು ಲೋಟ ಮೊಸರು 300. ಎರಡು ಏಲಕ್ಕಿ ಬಾಳೆಹಣ್ಣು 400. ಎರಡು ಸಲ ಹಾಲು ಹಾಕಿದ ಕಾಫಿ 300ಕ್ಕೂ ಸ್ವಲ್ಪ ಜಾಸ್ತಿ. ರಾತ್ರಿ ಸಿಪ್ಪೆ ಸಮೇತ ಬೇಯಿಸಿದ ಒಂದು ಆಲೂಗಡ್ಡೆ, 150 ಗ್ರಾಂ, ಅದು 550. ಅಲ್ಲಿ ಇಲ್ಲಿ ಹಾಕಿದ ಟೊಮೆಟೊ 200. ಕೂಡಿದರೆ 3000 ದಾಟಿತು. ಒಂದು ಎಳನೀರು ಕುಡಿದಿದ್ದರೆ ಗುರಿ ಮುಟ್ಟಿದ ಹಾಗೆ.

ಇದೇ ನಾನು ಹಾಸನದಲ್ಲಿ ಓದುವಾಗ ರೂಮಲ್ಲಿ ತಿನ್ನುತ್ತಿದ್ದ ಅನ್ನ, ತಿಳಿಸಾರು, ಬ್ರೆಡ್, ಬಿಸ್ಕೆಟ್ ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಬಿಳಿ ಅನ್ನದಲ್ಲಿ ಪೊಟ್ಯಾಸಿಯಂ ಇಲ್ಲ ಅನ್ನುವಷ್ಟು ಕಮ್ಮಿ, ಒಂದು ಬಟ್ಟಲು ಅನ್ನದಲ್ಲಿ 50-60 ಮಿಲಿಗ್ರಾಂ ಬಂದರೆ ಹೆಚ್ಚು. ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನಕ್ಕೆ ಬಂದ ಮನೆಗಳಲ್ಲಿ, ಕಾಳು ಸೊಪ್ಪು ಕೂಡ ಕಮ್ಮಿಯಾಗಿದ್ದರೆ, ತೂತು ಇರೋದು ಅಲ್ಲೇ.

ಹೆಜ್ಜೆ 4: ಸಂತೆ ಚೀಲಕ್ಕೆ ಏನು ಹಾಕಬೇಕು

ಬಾಳೆಹಣ್ಣಿಗೆ ಹೆಸರು ಜಾಸ್ತಿ ಬಂದಿದೆ ಅಷ್ಟೇ. 100 ಗ್ರಾಂ ಬಾಳೆಹಣ್ಣಲ್ಲಿ ಸುಮಾರು 360 ಮಿಲಿಗ್ರಾಂ. ಅಷ್ಟೇ ತೂಕದ ಹಸಿ ಆಲೂಗಡ್ಡೆಯಲ್ಲಿ 420, ಸೀಬೆಹಣ್ಣಲ್ಲೂ ಅಷ್ಟೇ, ಹಲಸಿನ ತೊಳೆಯಲ್ಲಿ 450ರ ಹತ್ತಿರ, ದಂಟಿನ ಸೊಪ್ಪಲ್ಲಿ 600. ಬಾಳೆ ಕೆಟ್ಟದ್ದು ಅಂತಲ್ಲ, ಸುಲಿದು ತಿನ್ನೋದು ಸುಲಭ, ಅದೇ ಅದರ ದೊಡ್ಡ ಗುಣ.

ಕಾಳುಗಳ ಮುಂದೆ ಹಣ್ಣುಗಳೆಲ್ಲ ಮಕ್ಕಳು. ಹುರುಳಿ, ಅಲಸಂದೆ, ಹೆಸರು, ತೊಗರಿಬೇಳೆ, ಒಣ ಅವರೆ, ಯಾವುದನ್ನೇ ತಗೊಳ್ಳಿ, 100 ಗ್ರಾಂ ಒಣ ಕಾಳಲ್ಲಿ 1000 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ. ಯಾರೂ ಒಂದೇ ಸಲ 100 ಗ್ರಾಂ ಕಾಳು ತಿನ್ನಲ್ಲ ಸರಿ, 30 ಗ್ರಾಂ ತಿಂದರೂ 300 ಆಯ್ತಲ್ಲ. ಕೆಜಿ ಹುರುಳಿಗೆ ಕೊಡುವ ದುಡ್ಡು, ಅದು ಎಷ್ಟು ದಿನ ಬರುತ್ತದೆ ಅಂತ ನೋಡಿದರೆ, ಒಣ ದ್ರಾಕ್ಷಿ ಅಂಜೂರ ಪಿಸ್ತಾ ಅಂತ ಡಬ್ಬಿ ತುಂಬಿಸೋರ ಮೇಲೆ ನನಗೆ ಸುಮ್ನೆ ಸಿಟ್ಟು ಬರುತ್ತದೆ. ಅವುಗಳಲ್ಲೂ ಚೆನ್ನಾಗಿಯೇ ಇದೆ, ಇಲ್ಲ ಅನ್ನಲ್ಲ.

ಹಾಸನದವರಿಗೆ ಆಲೂಗಡ್ಡೆ ಬಗ್ಗೆ ಹೇಳಿಕೊಡೋದು ಏನಿದೆ. ಜಲಂಧರ್ ಬೀಜ ಬಂತು, ಮೇ-ಜೂನಲ್ಲಿ ಬಿತ್ತನೆ ಆಯ್ತು, ಅಂಗಮಾರಿ ಬೀಳದಿದ್ದರೆ ಸಾಕಪ್ಪ ದೇವರೇ ಅಂತ ಮುಗಿಲು ನೋಡುವ ಊರು. ಅಡುಗೆಗೆ ಎರಡೇ ಮಾತು. ಹೊಸ ಗಡ್ಡೆಯ ಸಿಪ್ಪೆ ತೆಳ್ಳಗಿರುತ್ತದೆ, ಚೆನ್ನಾಗಿ ಉಜ್ಜಿ ತೊಳೆದು ಸಿಪ್ಪೆ ಸಮೇತ ಬೇಯಿಸಿ. ಹಸಿರು ತಿರುಗಿದ್ದು, ಮೊಳಕೆ ಬಂದದ್ದು ಎಸೆಯಿರಿ, ಅದರಲ್ಲಿ ವಿಷದ ಅಂಶ ಇರುತ್ತದೆ. ಚಿಪ್ಸಲ್ಲೂ ಪೊಟ್ಯಾಸಿಯಂ ಇದೆ ಅಂತ ನಮ್ಮ ಹುಡುಗರು ವಾದ ಮಾಡುತ್ತಾರೆ. ಇದೆ, ಜೊತೆಗೆ ಉಪ್ಪು ಎಣ್ಣೆಯೂ ಇದೆ, ಮುಗೀತು.

ಮಲೆನಾಡು ಕಡೆಯವರಿಗೆ ಕೆಸುವಿನ ಗಡ್ಡೆ, ಹಸಿಯದರಲ್ಲಿ 590. ತೋಟದ ನೆರಳಲ್ಲಿ ಬೆಳೆಯುವ ಬೆಣ್ಣೆಹಣ್ಣು 485. ಪೇಟೆಯವರು ಅದನ್ನು ಎರಡು ಹೋಳು ಮಾಡಿ ಬ್ರೆಡ್ ಮೇಲೆ ಸವರಿ ದುಡ್ಡು ಕೊಟ್ಟು ತಿಂತಾರೆ, ನಮ್ಮಲ್ಲಿ ಗಿಡದಡಿ ಬಿದ್ದು ಹಂದಿ ತಿಂದು ಹೋಗುತ್ತಿದ್ದ ಕಾಲ ಇತ್ತು. ಹಾಲು, ಸ್ವಲ್ಪ ಬೆಲ್ಲ ಹಾಕಿ ಕಿವುಚಿದರೆ ಮಕ್ಕಳು ಬೇಡ ಅನ್ನಲ್ಲ.

ಎಳನೀರು ಬಗ್ಗೆ ದೊಡ್ಡಪ್ಪನ ಮಾತಿಗೆ ಉತ್ತರ ಕೊಡಬೇಕಲ್ಲ. ಅದು ಬರೀ ನೀರಲ್ಲ. 100 ಎಂಎಲ್‌ಗೆ 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ, ಒಂದು ಬುರುಡೆಯಲ್ಲಿ 300 ಎಂಎಲ್ ಇದ್ದರೆ 600ರ ಮೇಲೆ. ಬಿಸಿಲಲ್ಲಿ ದುಡಿದು ಬಂದ ಗಟ್ಟಿಮುಟ್ಟಾದವರಿಗೆ ಇದಕ್ಕಿಂತ ಒಳ್ಳೆಯ ಪಾನಕ ಇಲ್ಲ. ವಾಂತಿ ಭೇದಿ ಆದಾಗ ಮಾತ್ರ ಎಳನೀರು ಒಂದನ್ನೇ ನಂಬಬೇಡಿ, ಅದರಲ್ಲಿ ಸೋಡಿಯಂ ಸಾಲದು. ಆಗ ಓಆರ್‌ಎಸ್ ಪುಡಿಯೇ ಸರಿ. ಲೀಟರ್ ನೀರಿಗೆ ಹಾಕುವ ಆ ಪೊಟ್ಟಣದಲ್ಲಿ ಅಳತೆ ಮಾಡಿ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಕೂಡ ಹಾಕಿರುತ್ತಾರೆ.

ಹೆಜ್ಜೆ 5: ನೀರು ಎಲ್ಲಿ ಹೋಯ್ತು?

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಪೊಟ್ಯಾಸಿಯಂ ಬಿಸಿಗೆ ಸಾಯಲ್ಲ, ನೀರಿಗೆ ಇಳಿಯುತ್ತದೆ. ತರಕಾರಿ ಹೆಚ್ಚಿ ತುಂಬಾ ನೀರಲ್ಲಿ ಬೇಯಿಸಿ ಆ ನೀರನ್ನು ಸಿಂಕಿಗೆ ಸುರಿದರೆ ಒಳ್ಳೆ ಪಾಲು ಅಲ್ಲೇ ಹೋಯ್ತು. ಆಲೂಗಡ್ಡೆಯನ್ನು ಸಣ್ಣ ಸಣ್ಣ ಚೌಕ ಹೆಚ್ಚಿ ಕುದಿಸಿದರೆ ಹತ್ತಿರ ಹತ್ತಿರ ಅರ್ಧ ಇಳಿದುಬಿಡುತ್ತದೆ, ತುರಿದು ಕುದಿಸಿದರೆ ಇನ್ನೂ ಜಾಸ್ತಿ. ಕುಕ್ಕರಲ್ಲಿ ಬೇಕಾದಷ್ಟೇ ನೀರು ಹಾಕಿ ಅದೇ ನೀರಲ್ಲಿ ಸಾರು ಮಾಡಿದರೆ ಎಲ್ಲೂ ಹೋಗಲ್ಲ.

ನಮ್ಮ ಅಜ್ಜಿಯರಿಗೆ ಪೊಟ್ಯಾಸಿಯಂ ಅನ್ನೋ ಹೆಸರು ಗೊತ್ತಿರಲಿಲ್ಲ, ಆದರೆ ಬಸ್ಸಾರು ಗೊತ್ತಿತ್ತು. ನಾನು ಮಾಡುವ ರೀತಿ ಹೇಳುತ್ತೇನೆ. ನಾಲ್ಕು ಜನಕ್ಕೆ ಒಂದು ಸಣ್ಣ ಲೋಟ ಅಲಸಂದೆ, ಇಲ್ಲ ಹುರುಳಿ. ತೊಳೆದು ಒಂದೂವರೆ ಲೀಟರ್ ನೀರಲ್ಲಿ ಬೇಯೋಕೆ ಇಡಿ. ಕಾಳು ಹಿಸುಕಿದರೆ ಒಡೆಯುವ ಹದಕ್ಕೆ ಬಂದಾಗ ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ. ಐದಾರು ನಿಮಿಷ ಸಾಕು, ಸೊಪ್ಪಿನ ಹಸಿರು ಹೋಗಬಾರದು. ಈಗ ತೂತಿನ ಪಾತ್ರೆಗೆ ಬಸಿಯಿರಿ. ಕೆಳಗೆ ಇಳಿದ ನೀರು ನೋಡಿ, ಒಂಚೂರು ಕೆಂಪಗೆ, ಮಣ್ಣಿನ ವಾಸನೆಯ ಹಾಗೆ ಒಂದು ಘಮ. ನಮಗೆ ಬೇಕಾಗಿರೋದು ಅದೇ. ಈರುಳ್ಳಿ ಬೆಳ್ಳುಳ್ಳಿ ಹುರಿದು, ಕಾಯಿತುರಿ, ಜೀರಿಗೆ, ನಾಲ್ಕು ಮೆಣಸು, ಸಾರಿನ ಪುಡಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು ಸೊಪ್ಪಲ್ಲೇ ಒಂದು ಹಿಡಿ ಹಾಕಿ ನುಣ್ಣಗೆ ರುಬ್ಬಿ. ಬಸಿದ ನೀರಿಗೆ ಕಲಸಿ ಎರಡು ಕುದಿ ಬರಿಸಿ. ಮೇಲೆ ಉಳಿದ ಸೊಪ್ಪು ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಸೊಪ್ಪಿಂದ ಇಳಿದದ್ದು ಸಾರಲ್ಲಿ, ಇಳಿಯದ್ದು ಪಲ್ಯದಲ್ಲಿ, ಎರಡೂ ಮುದ್ದೆ ಪಕ್ಕದಲ್ಲೇ ಬಂದು ಕೂತವು. ಒಂದು ತೊಟ್ಟೂ ಪೋಲಿಲ್ಲ. ಹುರುಳಿಕಟ್ಟಿನ ಸಾರು, ಉಪ್ಸಾರು, ಎಲ್ಲದರ ಲೆಕ್ಕವೂ ಇದೇ.

ಹಾಗಂತ ಎಲ್ಲ ನೀರೂ ಅಮೃತ ಅಲ್ಲ. ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರಿನ ಮೊಳಕೆ) ತರುತ್ತೀರಲ್ಲ, ಅದನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸುತ್ತಾ ನೆನೆಸಿ ಆ ನೀರನ್ನು ಚೆಲ್ಲಲೇಬೇಕು, ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ಪೊಟ್ಯಾಸಿಯಂ ಹೋದರೆ ಹೋಗಲಿ.

ಹೆಜ್ಜೆ 6: ಉಪ್ಪಿನ ಡಬ್ಬ

ಲೋ ಸೋಡಿಯಂ ಉಪ್ಪಲ್ಲಿ ಮಾಮೂಲಿ ಉಪ್ಪಿನ ಒಂದು ಪಾಲು ತೆಗೆದು ಅದರ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ತೋಟಕ್ಕೆ ಹಾಕುವ ಕೆಂಪು ಪೊಟ್ಯಾಷ್ ಗೊಬ್ಬರದಲ್ಲಿರೋದೂ ಇದೇ ಲವಣ. ಇದು ತಿನ್ನೋಕೆ ಅಂತ ಶುದ್ಧ ಮಾಡಿದ್ದು, ಅದು ಮಾಡದ್ದು. (ಗೊಬ್ಬರದ ಮೂಟೆ ಬಿಚ್ಚೋಕೆ ಹೋಗಬೇಡಿ ಅಂತ ಬರೆಯಬೇಕಾಗಿಲ್ಲ ಅಂದ್ಕೊಂಡಿದ್ದೀನಿ.) ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಮನೆಯಲ್ಲಿ ಇಂಥ ಉಪ್ಪು ಬಳಸಬಹುದು ಅಂತ ಸಲಹೆ ಕೊಟ್ಟಿದೆ, ಆದರೆ ಕಿಡ್ನಿ ತೊಂದರೆ ಇದ್ದವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಆ ಸಲಹೆ ಅಲ್ಲ. ಮನೆಯಲ್ಲಿ ಒಬ್ಬರಿಗೆ ಕಿಡ್ನಿ ತೊಂದರೆ ಇದ್ದರೂ ಆ ಡಬ್ಬ ಅಡುಗೆಮನೆಗೆ ಬೇಡ, ಯಾಕಂದರೆ ಸಾರು ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಆಗುತ್ತದೆ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಕಮ್ಮಿ ಮಾಡಿ. ಅದನ್ನು ಬಿಡದೆ ಬಾಳೆಹಣ್ಣು ಮಾತ್ರ ಜಾಸ್ತಿ ಮಾಡಿದರೆ ಅರ್ಧ ಕೆಲಸ.

ಕಾಲು ಹಿಡಿದುಕೊಂಡರೆ ಎಲ್ಲರೂ "ಪೊಟ್ಯಾಸಿಯಂ ಕಮ್ಮಿ" ಅಂತಾರೆ. ಇರಬಹುದು, ಇಲ್ಲದೆಯೂ ಇರಬಹುದು, ಸೆಡೆತಕ್ಕೆ ಬೇರೆ ಕಾರಣ ಬೇಕಾದಷ್ಟಿವೆ. ನಿಜವಾಗಿ ಕಮ್ಮಿ ಆಗೋದು ಹೆಚ್ಚಾಗಿ ವಾಂತಿ ಭೇದಿ ಜೋರಾದಾಗ, ನೀರಿಳಿಸುವ ಮಾತ್ರೆ ತಗೊಳ್ಳುವಾಗ. ಆಗ ಸುಸ್ತು, ಮಲಬದ್ಧತೆ, ಎದೆ ಡವಡವ ಎಲ್ಲ ಬರುತ್ತದೆ. ಪೊಟ್ಯಾಸಿಯಂ ಸಿರಪ್ಪನ್ನು ನೀವೇ ಮೆಡಿಕಲ್ ಸ್ಟೋರಲ್ಲಿ ಕೇಳಿ ತರಬೇಡಿ. ಅದು ರಿಪೋರ್ಟ್ ನೋಡಿ ಕೊಡುವ ಔಷಧ.

ಹೆಜ್ಜೆ 7: ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ್ದರೆ

ಎಲ್ಲವನ್ನೂ ಉಲ್ಟಾ ಮಾಡಿ. ಆಲೂ, ಗಡ್ಡೆ, ತರಕಾರಿ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ತುಂಬಾ ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ, ಆಮೇಲೆ ಒಗ್ಗರಣೆ. ರಾತ್ರಿ ತಣ್ಣೀರಲ್ಲಿ ನೆನೆಹಾಕಿ ಬೆಳಿಗ್ಗೆ ಬಸಿದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ, ಆಲೂಗಡ್ಡೆ ವಿಷಯದಲ್ಲಿ ಬರೀ ನೆನೆಸಿದರೆ ಏನೂ ಹೋಗಲ್ಲ ಅನ್ನುವಷ್ಟು ಕಮ್ಮಿ. ಕುದಿಯಬೇಕು. ಕಾಳು ನೆನೆಸಿದ ನೀರು, ಬೇಯಿಸಿದ ನೀರು ಎರಡೂ ಚೆಲ್ಲಿ. ಬಸ್ಸಾರು, ಕಟ್ಟಿನ ಸಾರು, ಎಳನೀರು ಬೇಡ. ಅನ್ನ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಷ್ಟು ತಿನ್ನಬೇಕು ಅನ್ನೋದನ್ನು ಡಾಕ್ಟರು, ಡಯೆಟಿಷಿಯನ್ ಅವರವರ ರಿಪೋರ್ಟ್ ನೋಡಿ ಹೇಳಬೇಕು, ನಾನಲ್ಲ.

ಇನ್ನೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಧಾರೆಹುಳಿ, ಕೆಲವರು ಕಮರಾಕ್ಷಿ ಅಂತಾರೆ, ಅಡ್ಡಕ್ಕೆ ಕೊಯ್ದರೆ ನಕ್ಷತ್ರದ ಹಾಗೆ ಕಾಣುತ್ತಲ್ಲ ಆ ಕಾಯಿ. ಹಿತ್ತಲಲ್ಲಿ ರಾಶಿ ಬೀಳುತ್ತದೆ, ಉಪ್ಪು ಖಾರ ಹಚ್ಚಿ ತಿನ್ನೋಕೆ ಚೆನ್ನಾಗಿರುತ್ತದೆ. ಕಿಡ್ನಿ ಸೋತವರು ಅದನ್ನು ಒಂದು ಹೋಳೂ ಮುಟ್ಟಬಾರದು. ಪೊಟ್ಯಾಸಿಯಂ ಮಾತಲ್ಲ ಇದು, ಅದರಲ್ಲಿರುವ ಬೇರೆ ವಿಷ ಮೆದುಳಿಗೇ ತಾಗುತ್ತದೆ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ವರೆಗೂ ಹೋಗಿ ಜೀವಕ್ಕೇ ಕುತ್ತು ಬಂದಿದ್ದಿದೆ. ತಿಂದಿದ್ದು ಗೊತ್ತಾದರೆ ಬಿಕ್ಕಳಿಕೆಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ತಿಂದರು ಅಂತ ಸರಿಯಾಗಿ ಹೇಳಿ.

ದೊಡ್ಡಪ್ಪನ ಪೊಟ್ಯಾಸಿಯಂ ಈಗ 4.8ಕ್ಕೆ ಬಂದು ನಿಂತಿದೆ. ದೊಡ್ಡಮ್ಮ ಬಸ್ಸಾರು ಮಾಡಿದ ದಿನ ಅವರಿಗೆ ಬೇರೆ ಚಿಕ್ಕ ಪಾತ್ರೆಯಲ್ಲಿ ಸೊಪ್ಪು ಕುದಿಸಿ ನೀರು ಚೆಲ್ಲಿ ಪಲ್ಯ ಮಾಡುತ್ತಾರೆ. ಅವರೋ ಪಲ್ಯ ನಂಚಿಕೊಂಡು ಮುದ್ದೆ ಮುರಿಯುತ್ತಾ, ಪಕ್ಕದ ತಟ್ಟೆಯ ಸಾರಿನ ಕಡೆಗೇ ನೋಡುತ್ತಿರುತ್ತಾರೆ.